ಎಂಬತ್ತಕ್ಕೆ ತೆಗೆದುಬಿಡು

ನನಗೆ ಸಂಬಳ ಕೊಡುವುದು ಬ್ಯಾಟರಿಗಳನ್ನು ಸಾಯಿಸುವುದಕ್ಕೆ. ಗ್ರೇಟರ್ ನೋಯ್ಡಾದಲ್ಲಿ ಫೋನು ಜೋಡಿಸುವ ಒಂದು ಕಾರ್ಖಾನೆಯಿದೆ. ಅದರ ಹಿಂದಿನ ಕಟ್ಟಡದಲ್ಲಿ, ಕಿಟಕಿಯೇ ಇಲ್ಲದ ಒಂದು ಹಾಲಿನಲ್ಲಿ, ಫ್ರಿಜ್ಜಿನಂಥ ಪೆಟ್ಟಿಗೆಗಳು ಸಾಲಾಗಿ ನಿಂತಿವೆ. ಪ್ರತಿ ಪೆಟ್ಟಿಗೆಯೊಳಗೂ ಹತ್ತಾರು ಬ್ಯಾಟರಿಗಳು. ಅವನ್ನು ತುಂಬಿಸುವುದು, ಖಾಲಿ ಮಾಡುವುದು, ಮತ್ತೆ ತುಂಬಿಸುವುದು. ನೂರಾರು ಸಲ ಹೀಗೆ ಮಾಡಿದ ಮೇಲೆ ಬ್ಯಾಟರಿ ಸೋಲುತ್ತದೆ, ಹೊಸದರಲ್ಲಿ ಹಿಡಿಯುತ್ತಿದ್ದಷ್ಟು ವಿದ್ಯುತ್ತನ್ನು ಹಿಡಿಯುವುದಿಲ್ಲ. ಅದು ಒಂದು ಮಟ್ಟಕ್ಕಿಂತ ಕೆಳಗೆ ಇಳಿದ ದಿನ ಸತ್ತಿತು ಎಂದು ಬರೆಯುತ್ತೇವೆ. ಎಷ್ಟನೆಯ ಸಲಕ್ಕೆ ಸತ್ತಿತು ಎಂಬ ಸಂಖ್ಯೆಯ ಕೆಳಗೆ ನನ್ನ ಸಹಿ ಇರುತ್ತದೆ. ಆ ಸಂಖ್ಯೆಯನ್ನು ಇಟ್ಟುಕೊಂಡೇ ಕಂಪನಿ ಜಾಹೀರಾತು ಬರೆಸುತ್ತದೆ.

ಈ ಕೆಲಸದವನು ಎಂದು ಗೊತ್ತಾದರೆ ಮುಗಿಯಿತು. ಮದುವೆಯ ಊಟದ ಪಂಕ್ತಿಯಲ್ಲಿ, ದೆಹಲಿ ಕನ್ನಡಿಗರು ಸೇರುವ ರಾಜ್ಯೋತ್ಸವದಲ್ಲಿ, ಮೆಟ್ರೋದಲ್ಲಿ ಪಕ್ಕ ಕೂತವರ ಬಾಯಲ್ಲಿ ಕೂಡ ಒಂದೇ ಪ್ರಶ್ನೆ. ಫಾಸ್ಟ್ ಚಾರ್ಜಿಂಗ್‌ನಿಂದ ಬ್ಯಾಟರಿ ಹಾಳಾಗುತ್ತಾ ಸಾರ್? ನಾನು ವರ್ಷಗಟ್ಟಲೆ ಒಂದೇ ಉತ್ತರ ಕೊಟ್ಟುಕೊಂಡು ಬಂದೆ. ಏನೂ ಆಗಲ್ಲ, ಎಲ್ಲ ಟೆಸ್ಟ್ ಮಾಡಿರ್ತೀವಿ. ಕೇಳಿದವರಿಗೆ ಸಮಾಧಾನ, ನನಗೆ ದೊಡ್ಡಸ್ತಿಕೆ.

ಆ ಉತ್ತರ ಪೂರ್ತಿ ಸುಳ್ಳಲ್ಲ. ಪೂರ್ತಿ ಸುಳ್ಳಾಗಿದ್ದರೆ ನನಗೆ ನನ್ನ ಮೇಲೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಬ್ಯಾಟರಿಗೆ ವೇಗಕ್ಕಿಂತ ದೊಡ್ಡ ಶತ್ರು ಬಿಸಿ. ವೇಗವಾಗಿ ತುಂಬಿಸಿದರೆ ಬಿಸಿ ಹುಟ್ಟುತ್ತದೆ, ಸುತ್ತಲಿನ ಗಾಳಿ ತಂಪಾಗಿದ್ದರೆ ಅದು ಹೊರಗೆ ಹೋಗುತ್ತದೆ, ಇಲ್ಲದಿದ್ದರೆ ಒಳಗೇ ಕೂತು ಬ್ಯಾಟರಿಯನ್ನು ತಿನ್ನುತ್ತದೆ. ನಮ್ಮ ಪೆಟ್ಟಿಗೆಗಳೊಳಗೆ ಯಾವಾಗಲೂ ಇಪ್ಪತ್ತೈದು ಡಿಗ್ರಿ. ಒಂದು ಸಲ ತುಂಬಿದ ಮೇಲೆ ಬ್ಯಾಟರಿಗೆ ವಿಶ್ರಾಂತಿ ಕೊಡುತ್ತೇವೆ. ಖಾಲಿಯಾದ ಮೇಲೆ ಇನ್ನೊಮ್ಮೆ ವಿಶ್ರಾಂತಿ. ಹೊಸದಾಗಿ ಹೆತ್ತ ಬಾಣಂತಿಗೂ ಈ ಊರಿನಲ್ಲಿ ಅಷ್ಟು ಉಪಚಾರ ಸಿಗುವುದಿಲ್ಲ. ದೆಹಲಿಯಲ್ಲಿ ಇಪ್ಪತ್ತೈದು ಡಿಗ್ರಿ ಎನ್ನುವುದು ವರ್ಷದಲ್ಲಿ ಬಂದು ಹೋಗುವ ಅತಿಥಿ. ಮೇ ತಿಂಗಳಲ್ಲಿ ಇಲ್ಲಿ ನಲ್ಲಿಯಲ್ಲಿ ಬರುವ ನೀರಲ್ಲಿ ಕೈ ತೊಳೆಯಲು ಆಗುವುದಿಲ್ಲ, ಜನವರಿಯಲ್ಲಿ ಅದೇ ನೀರು ಬೆರಳು ಕಚ್ಚುತ್ತದೆ. ಇದು ನನಗೆ ಗೊತ್ತಿತ್ತು. ನನ್ನ ಜೊತೆ ಕೆಲಸ ಮಾಡುವ ಎಲ್ಲರಿಗೂ ಗೊತ್ತಿತ್ತು. ಆದರೆ ಪರೀಕ್ಷೆಯ ನಿಯಮ ಬರೆದವರು ಬೇರೆ ದೇಶದಲ್ಲಿ ಕೂತಿದ್ದಾರೆ, ನಮ್ಮ ಕೆಲಸ ಅದನ್ನು ಪಾಲಿಸುವುದು.

ಈಗ ನನ್ನ ಅಕ್ಕನ ವಿಷಯ ಹೇಳಬೇಕು. ನನಗಿಂತ ನಾಲ್ಕು ವರ್ಷ ದೊಡ್ಡವಳು. ಆರನೆಯ ವಯಸ್ಸಿನಲ್ಲಿ ಅವಳ ಎರಡೂ ಕಣ್ಣು ಹೋದವು. ತುಮಕೂರಿನಲ್ಲಿ ಶಾಲೆ, ಮೈಸೂರಿನಲ್ಲಿ ಡಿಗ್ರಿ ಮುಗಿಸಿ, ಇತಿಹಾಸದಲ್ಲಿ ಪಿಎಚ್‌ಡಿ ಮಾಡಲು ದೆಹಲಿಗೆ ನನಗಿಂತ ಮೊದಲೇ ಬಂದವಳು ಅವಳು. ನಾನು ಕೆಲಸಕ್ಕೆಂದು ಇಲ್ಲಿಗೆ ಬಂದಾಗ ಸ್ಟೇಷನ್ನಿಗೆ ಬಂದು ನನ್ನನ್ನು ಕರೆದುಕೊಂಡು ಹೋದವಳೂ ಅವಳೇ. ಕೋಲು ತಟ್ಟಿಕೊಂಡು ಮುಂದೆ ಮುಂದೆ ಅವಳು, ಪೆಟ್ಟಿಗೆ ಎಳೆದುಕೊಂಡು ಹಿಂದೆ ಹಿಂದೆ ನಾನು. ಆಟೋದವನು ಕನ್ನಡಕ ತೆಗೆದು ನಮ್ಮಿಬ್ಬರನ್ನೂ ನೋಡಿದ. ಅವಳು ಅವನ ಜೊತೆ ಹಿಂದಿಯಲ್ಲಿ ಚೌಕಾಸಿ ಮಾಡಿ ಗೆದ್ದಳು.

ಅವಳ ಮೈ ಉರಿಸುವ ಮಾತು ಒಂದಿದೆ. ಕಣ್ಣಿಲ್ಲದವರಿಗೆ ಕಿವಿ ಬಹಳ ಚುರುಕು, ಎದುರಿನವರ ಮನಸ್ಸು ದನಿಯಲ್ಲೇ ತಿಳಿದುಬಿಡುತ್ತದೆ ಎಂದು ಯಾರಾದರೂ ಹೊಗಳಿದರೆ, "ನನಗೇನೂ ತಿಳಿಯಲ್ಲ ಮಾರಾಯ್ರೆ, ನೀವು ಹೇಳಿದ್ದನ್ನ ನಂಬ್ತೀನಿ ಅಷ್ಟೆ" ಎನ್ನುತ್ತಾಳೆ.

ಎಂಟು ವರ್ಷ ಅವಳು ಒಂದೇ ಕಾಲೇಜಿನಲ್ಲಿ ಪಾಠ ಮಾಡಿದಳು. ಎಂಟು ವರ್ಷವೂ ಅಡ್‌ಹಾಕ್. ಅಂದರೆ ನಾಲ್ಕು ತಿಂಗಳಿಗೊಂದು ಪತ್ರ, ಪತ್ರ ಬಂದರೆ ಕೆಲಸ ಇದೆ, ಬರದಿದ್ದರೆ ಇಲ್ಲ. ಒಂದು ಅವಧಿ ಮುಗಿದು ಇನ್ನೊಂದು ಪತ್ರ ಬರುವವರೆಗೆ ಅವಳು ಕಾಯುವ ರೀತಿ ನೋಡಲು ಆಗುತ್ತಿರಲಿಲ್ಲ. ಸುಮ್ಮನೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸುತ್ತ ಕೂರುತ್ತಿದ್ದಳು. ಕಾಯಂ ಹುದ್ದೆಗೆ ಸಂದರ್ಶನ ಕರೆಯುತ್ತಾರೆ, ಕರೆಯುತ್ತಾರೆ ಎಂದು ಪ್ರತಿ ವರ್ಷ ಸುದ್ದಿ ಬರುತ್ತಿತ್ತು. ಒಂದು ಸಲ ಕಾಯಂ ಆದರೆ ಸಾಕು, ಆಮೇಲೆ ಯಾರ ಕೈಯನ್ನೂ ಕಾಯಬೇಕಾಗಿಲ್ಲ. ಅವಳಿಗೆ ಬೇರೆ ಯಾವ ಆಸೆಯೂ ಇರಲಿಲ್ಲ.

ಇದ್ದದ್ದು ವಸಂತ್ ಕುಂಜ್‌ನಲ್ಲಿ, ಸರ್ಕಾರ ಕಟ್ಟಿಸಿದ ಹಳೆಯ ಫ್ಲಾಟೊಂದರ ಮೇಲಿನ ಮಹಡಿಯ ಕೋಣೆಯಲ್ಲಿ. ಬೇಸಿಗೆಯಲ್ಲಿ ಆ ಕೋಣೆಯ ಗೋಡೆಗೆ ಬೆನ್ನು ಕೊಟ್ಟು ಕೂರಲು ಆಗುವುದಿಲ್ಲ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನ ಒಂದು ಗಳಿಗೆ ಮನೆ, ಸಂಜೆ ಇನ್ನೊಂದು ಕಡೆ ಪಾಠ. ಈ ಓಡಾಟವೆಲ್ಲ ನಡೆಯುವುದು ಫೋನಿನ ಮೇಲೆ. ಪರದೆಯ ಮೇಲೆ ಇರುವುದನ್ನೆಲ್ಲ ಫೋನು ಅವಳಿಗೆ ಓದಿ ಹೇಳುತ್ತದೆ. ಕ್ಯಾಬ್ ಕರೆಯುವುದು, ದಾರಿ ಕೇಳುವುದು, ವಿದ್ಯಾರ್ಥಿಗಳ ಉತ್ತರ ಓದಿಸಿಕೊಳ್ಳುವುದು, ಔಷಧಿಯ ಪಟ್ಟಿಗೆ ಕ್ಯಾಮೆರಾ ಹಿಡಿದು ಇದು ಯಾವುದು ಎಂದು ತಿಳಿಯುವುದು. ಅದು ಓದುವ ವೇಗ ಎಷ್ಟೆಂದರೆ ನನಗೆ ಒಂದು ಪದವೂ ಅರ್ಥವಾಗುವುದಿಲ್ಲ, ಅವಳು ಅದನ್ನು ಕೇಳುತ್ತಲೇ ಸೊಪ್ಪು ಬಿಡಿಸುತ್ತಾಳೆ.

ಕಳೆದ ವರ್ಷ ಏಪ್ರಿಲ್‌ನಲ್ಲಿ ನಮ್ಮ ಕಂಪನಿಯ ಹೊಸ ಫೋನನ್ನು ನಾನೇ ಅವಳಿಗೆ ಕೊಟ್ಟೆ. ಅದರ ಬ್ಯಾಟರಿಯ ವರದಿಗೆ ಸಹಿ ಹಾಕಿದವನು ನಾನು. ಅವಳ ಹಳೆಯ ಫೋನು ತುಂಬಲು ಮೂರು ಗಂಟೆ ತೆಗೆದುಕೊಳ್ಳುತ್ತಿತ್ತು, ಅವಳಿಗೆ ಮಧ್ಯಾಹ್ನ ಸಿಗುವುದು ಮುಕ್ಕಾಲು ಗಂಟೆ. ಹೊಸದನ್ನು ಚುಚ್ಚಿ ಊಟ ಮುಗಿಸುವಷ್ಟರಲ್ಲಿ ತುಂಬಿರುತ್ತಿತ್ತು. ಮೊದಲ ವಾರ ಅವಳಿಗೆ ಮಕ್ಕಳ ಹಾಗೆ ಸಂಭ್ರಮ. ದಿನಾ ಫೋನು ಮಾಡಿ ಲೆಕ್ಕ ಒಪ್ಪಿಸುತ್ತಿದ್ದಳು.

"ಅನ್ನಕ್ಕೆ ಸಾರು ಕಲಸಿಕೊಳ್ಳುವಾಗ ಇಪ್ಪತ್ತಿತ್ತು ಕಣೋ. ಕೈ ತೊಳೆಯೋ ಹೊತ್ತಿಗೆ ಎಪ್ಪತ್ತು!"

"ಊಟ ಬೇಗ ಮಾಡ್ತೀಯೋ, ಚಾರ್ಜ್ ಬೇಗ ಆಗ್ತಿದೆಯೋ?"

"ಹೋಗೋ, ನಿಮ್ಮ ಕಂಪನಿ ಅಂತ ಹೊಗಳ್ತಿದ್ರೆ ನನ್ನೇ ಆಡ್ಕೋತೀಯ."

ನನಗೆ ಹೆಮ್ಮೆಯಾಗಿತ್ತು. ಕಾರ್ಖಾನೆಯಲ್ಲಿ ಯಾವನೂ ನನಗೆ ಶಹಬ್ಬಾಸ್ ಎಂದವನಲ್ಲ. ಇಷ್ಟು ವರ್ಷಗಳಲ್ಲಿ ನನ್ನ ಕೆಲಸದಿಂದ ಒಬ್ಬರಿಗೆ ಉಪಕಾರವಾದದ್ದನ್ನು ಕಂಡದ್ದು ಅದೇ ಮೊದಲು.

ಮೇ ತಿಂಗಳಲ್ಲಿ ಒಂದು ಭಾನುವಾರ ಅವಳ ಕೋಣೆಗೆ ಹೋಗಿದ್ದೆ. ಫೋನು ಮಂಚದ ಮೇಲೆ, ದಪ್ಪ ರಬ್ಬರ್ ಕವರಿನೊಳಗೆ, ಚಾರ್ಜಿಗೆ ಬಿದ್ದಿತ್ತು. ಎತ್ತಿಕೊಂಡೆ, ಕೈ ಚುರ್ ಎಂದಿತು. ಬಿಸಿ ರೊಟ್ಟಿ ಹಿಡಿದಂತೆ ಎರಡು ಕೈಯಲ್ಲಿ ಬದಲಾಯಿಸಿದೆ. "ದಿನಾ ಹೀಗೇ ಬಿಸಿ ಆಗುತ್ತಾ?" ಎಂದು ಕೇಳಿದೆ. "ಆಗುತ್ತಪ್ಪ, ಕೋಣೆಯೇ ಬಿಸಿ ಇದೆಯಲ್ಲ, ಅದಕ್ಕೇನು ಮಾಡೋದು" ಎಂದಳು.

ಮರುದಿನ ಕೆಲಸಕ್ಕೆ ಹೋದವನು ಒಂದು ಪೆಟ್ಟಿಗೆ ಖಾಲಿ ಇರುವುದನ್ನು ನೋಡಿದೆ. ಅದೇ ಮಾದರಿಯ ಎಂಟು ಬ್ಯಾಟರಿ ಇಟ್ಟು ನಲವತ್ತೈದು ಡಿಗ್ರಿಗೆ ಹಾಕಿದೆ. ವಿಶ್ರಾಂತಿಯನ್ನೂ ತೆಗೆದುಹಾಕಿದೆ. ಯಾರೂ ಹೇಳಿರಲಿಲ್ಲ. ಹೇಳಿದ್ದು ನನ್ನ ಸುಟ್ಟ ಅಂಗೈ. ಬೇಸಿಗೆಯೆಲ್ಲ ಆ ಪೆಟ್ಟಿಗೆ ತನ್ನಷ್ಟಕ್ಕೆ ಓಡಿತು. ಆಗಸ್ಟ್ ಹೊತ್ತಿಗೆ ಉತ್ತರ ಬಂತು. ತಂಪಿನಲ್ಲಿ ಆರಾಮವಾಗಿ ಬಾಳಿದ ಮಾದರಿಯ ಬ್ಯಾಟರಿಗಳೇ ಬಿಸಿಯಲ್ಲಿ ಅರ್ಧ ದಾರಿಗೂ ಬಂದಿರಲಿಲ್ಲ. ಹಿಡಿಯುವ ಶಕ್ತಿ ಕಡಿಮೆಯಾದದ್ದು ಒಂದು ತೊಂದರೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಡ್ರಮ್ಮಿನಲ್ಲಿ ನೀರು ಇದ್ದರೂ ನಲ್ಲಿಯ ಬಾಯಿಗೆ ಕಸ ಕಟ್ಟಿಕೊಂಡರೆ ಹೇಗೆ ಸಣ್ಣಗೆ ಬರುತ್ತದೋ, ಬ್ಯಾಟರಿಯೊಳಗೆ ಹಾಗೆ ಆಗಿತ್ತು. ವಿದ್ಯುತ್ ಇದೆ, ಆದರೆ ಒಮ್ಮೆಗೇ ಜೋರಾಗಿ ಬೇಕೆಂದರೆ ಬರುವುದಿಲ್ಲ. ಅಂಥ ಬ್ಯಾಟರಿ ಚಳಿಗೆ ಸಿಕ್ಕರೆ ಇನ್ನೂ ಕಷ್ಟ. ಪರದೆಯ ಮೇಲೆ ನಲವತ್ತು ಎಂದು ತೋರಿಸುತ್ತಲೇ ಫೋನು ಪಟ್ಟನೆ ಆರಿಹೋಗಬಹುದು.

ಫಲಿತಾಂಶದ ಕಾಗದ ಹಿಡಿದುಕೊಂಡು ನಮ್ಮ ವಿಭಾಗದ ಮುಖ್ಯಸ್ಥನ ಕೋಣೆಗೆ ಹೋದೆ. ಆತ ಕೆಟ್ಟವನಲ್ಲ. ಚಹಾ ತರಿಸಿದ, ಗ್ರಾಫಿನ ಗೀಟುಗಳನ್ನೆಲ್ಲ ನಿಧಾನವಾಗಿ ನೋಡಿದ. ಕೊನೆಗೆ ಹಿಂದಿಯಲ್ಲಿ ಒಂದೇ ಮಾತು ಕೇಳಿದ. ಇದನ್ನು ಮಾಡು ಎಂದು ನಿನಗೆ ಯಾರು ಹೇಳಿದರು? ಯಾರೂ ಇಲ್ಲ ಎಂದೆ. ನಿಯಮದಲ್ಲಿ ಇಲ್ಲದ ಪರೀಕ್ಷೆಗೆ ವರದಿಯೂ ಇಲ್ಲ ಎಂದ. ಜನವರಿಯಲ್ಲಿ ನಿನ್ನನ್ನು ತಂಡದ ಮುಖ್ಯಸ್ಥ ಮಾಡಬೇಕೆಂದು ಹೆಸರು ಕಳಿಸಿದ್ದೇನೆ, ಈಗ ಬೇಡದ ತಲೆನೋವು ಯಾಕೆ ಎಂದೂ ಹೇಳಿದ. ನಾನು ಹಲ್ಲು ಗಿಂಜಿ, ಸರಿ ಸಾರ್ ಎಂದು ಎದ್ದು ಬಂದೆ. ಕಾಗದವನ್ನು ಒಂದು ಫೈಲಿಗೆ ಹಾಕಿ, ಫೈಲನ್ನು ಕಪಾಟಿನ ಕೆಳಗಿನ ಅರೆಗೆ ಹಾಕಿದೆ. ಹೀಗೆ ತಿಪ್ಪೆ ಸಾರಿಸಲು ಐದು ನಿಮಿಷವೂ ಬೇಕಾಗಲಿಲ್ಲ.

ಅಂದು ಸಂಜೆಯೇ ಅಕ್ಕನಿಗೆ ಫೋನು ಮಾಡಿ, ಆ ಫೋನು ಬೇಡ, ಬೇರೆ ಕೊಡಿಸುತ್ತೇನೆ ಎನ್ನಬಹುದಿತ್ತು. ಎನ್ನಲಿಲ್ಲ. ಬೇರೆ ಯಾಕೆ ಎಂದು ಅವಳು ಕೇಳುತ್ತಾಳೆ. ಕೇಳಿದರೆ ಹೇಳಬೇಕು. ಹೇಳಿದರೆ ನಾನು ಸಹಿ ಹಾಕಿದ್ದನ್ನೂ ಹೇಳಬೇಕು, ಎದ್ದು ಬಂದದ್ದನ್ನೂ ಹೇಳಬೇಕು. ತಮ್ಮ ದೊಡ್ಡ ಎಂಜಿನಿಯರ್ ಎಂದು ಅವಳು ಕಾಲೇಜಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಅದಕ್ಕೇ ನಾನು ಬೇರೆ ದಾರಿ ಹಿಡಿದೆ. ಬ್ಯಾಟರಿಯನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಅವಳಿಗೆ ಪಾಠ ಮಾಡಲು ಶುರುಮಾಡಿದೆ.

ಚಾರ್ಜಿಗೆ ಹಾಕುವಾಗ ಕವರ್ ಬಿಚ್ಚು. ವೇಗದ ಚಾರ್ಜರ್ ಬೇಡ, ಹಳೆಯ ಫೋನಿನದೇ ಬಳಸು. ಇಪ್ಪತ್ತಕ್ಕಿಂತ ಕೆಳಗೆ ಬಿಡಬೇಡ. ಪೂರ್ತಿ ತುಂಬಿಸಬೇಡ, ಪೂರ್ತಿ ತುಂಬಿದ ಬ್ಯಾಟರಿ ಬೇಗ ಮುದಿಯಾಗುತ್ತದೆ, ಎಂಬತ್ತಕ್ಕೆ ತೆಗೆದುಬಿಡು. ಅವಳ ಕೈಚೀಲದಲ್ಲಿ ಒಂದು ಪವರ್ ಬ್ಯಾಂಕ್ ಇರುತ್ತಿತ್ತು. ಚೀಲದೊಳಗೇ ಫೋನಿಗೆ ಚುಚ್ಚಿಟ್ಟರೆ ಎರಡೂ ಬಿಸಿಯಾಗುತ್ತವೆ ಎಂದು ಅದನ್ನು ನಾನೇ ತೆಗೆದುಕೊಂಡು ಬಂದೆ. ನಾನು ಹೇಳಿದ ಒಂದೊಂದು ಮಾತೂ ಸರಿ. ಯಾವ ಎಂಜಿನಿಯರನ್ನು ಕೇಳಿದರೂ ಅದನ್ನೇ ಹೇಳುತ್ತಾನೆ. ಆದರೆ ಯಾರಿಗೆ ಹೇಳುತ್ತಿದ್ದೇನೆ ಎಂದು ನಾನು ಯೋಚಿಸಲಿಲ್ಲ. ಬ್ಯಾಟರಿ ಎರಡು ವರ್ಷ ಬಾಳಬೇಕೆಂದು ಅವಳು ಕೇಳಿರಲಿಲ್ಲ. ಅವಳಿಗೆ ಬೇಕಾದದ್ದು ಇವತ್ತು ಸಂಜೆ ಮನೆ ಸೇರುವವರೆಗೆ ಫೋನು ಮಾತಾಡುತ್ತಿರಬೇಕು ಎಂಬುದು.

ಅವಳು ಚಾಚೂ ತಪ್ಪದೆ ಪಾಲಿಸಿದಳು. ಎಂಬತ್ತು ಎಂದು ಫೋನು ಹೇಳಿದರೆ ಪಾಠ ಮಾಡುತ್ತಿದ್ದರೂ ಎದ್ದು ತೆಗೆಯುತ್ತಿದ್ದಳಂತೆ. ಮಧ್ಯಾಹ್ನದ ಮುಕ್ಕಾಲು ಗಂಟೆಯಲ್ಲಿ ಹಳೆಯ ಚಾರ್ಜರ್ ತುಂಬಿಸುವುದು ಎಷ್ಟು? ಸಂಜೆಯ ಹೊತ್ತಿಗೆ ಅವಳು ಫೋನನ್ನು ಕಡಿಮೆ ಮಾತಾಡಿಸಲು ಕಲಿತಳು. ದಾರಿ ಕೇಳುವುದನ್ನು ಬಿಟ್ಟು ಹೆಜ್ಜೆ ಎಣಿಸತೊಡಗಿದಳು. ಒಂದು ಸಲ ಎಣಿಕೆ ತಪ್ಪಿ ಚರಂಡಿಯ ಅಂಚಿಗೆ ಕಾಲು ತಾಗಿ ಮೊಣಕಾಲು ತರಚಿಕೊಂಡಳು. ನನಗೆ ತೋರಿಸಿ, "ಬ್ಯಾಟರಿ ಚೆನ್ನಾಗಿದೆ, ನಾನೇ ಸ್ವಲ್ಪ ಸವೆದಿದ್ದೀನಿ" ಎಂದು ನಕ್ಕಳು. ನಾನೂ ನಕ್ಕೆ.

ಅಕ್ಟೋಬರ್ ಕೊನೆಯಲ್ಲಿ ಮೊದಲ ಸಲ ಫೋನು ಇದ್ದಕ್ಕಿದ್ದಂತೆ ಆರಿತು. ನವೆಂಬರಿನಲ್ಲಿ ಮತ್ತೆರಡು ಸಲ. ಅವಳನ್ನು ಸರ್ವಿಸ್ ಸೆಂಟರಿಗೆ ಕರೆದುಕೊಂಡು ಹೋದೆ. ಕೌಂಟರಿನಲ್ಲಿದ್ದ ಹೆಂಗಸು ಫೋನಿಗೆ ಒಂದು ವೈರು ಚುಚ್ಚಿ, ತನ್ನ ಪರದೆ ನೋಡಿ, "ಬ್ಯಾಟರಿ ಬಿಲ್ಕುಲ್ ಠೀಕ್ ಹೈ ಮ್ಯಾಮ್" ಎಂದಳು. ಅಲ್ಲಿ ಹಸಿರು ಗುರುತು ಬಂದಿತ್ತು. ಎಲ್ಲಿಯವರೆಗೆ ಹಸಿರು ತೋರಿಸಬೇಕು, ಎಲ್ಲಿಂದ ಕೆಂಪು ಎಂದು ಆ ಯಂತ್ರಕ್ಕೆ ಹೇಳಿಕೊಟ್ಟದ್ದು ನಮ್ಮ ವರದಿ. ಹಿಡಿಯುವ ಶಕ್ತಿಯನ್ನು ಮಾತ್ರ ಅಳೆ ಎಂದಿತ್ತು, ನಲ್ಲಿಯ ಬಾಯಿ ಕಟ್ಟಿಕೊಂಡದ್ದನ್ನು ಅಳೆ ಎಂದಿರಲಿಲ್ಲ.

ಅಕ್ಕ ನನ್ನ ಕಡೆ ತಿರುಗಿ, "ಏನಂತೋ?" ಎಂದಳು. ಅವಳಿಗೆ ಹಿಂದಿ ನನಗಿಂತ ಚೆನ್ನಾಗಿ ಬರುತ್ತದೆ. ಆದರೂ ನನ್ನ ಬಾಯಿಂದ ಕೇಳಬೇಕಿತ್ತು.

"ಚೆನ್ನಾಗಿದೆಯಂತೆ."

"ನೀನೂ ನೋಡಿದ್ಯಾ?"

"ನೋಡಿದೆ. ಹಸಿರು ಬಂದಿದೆ."

"ಹಾಗಾದ್ರೆ ನಾನೇ ಏನೋ ತಪ್ಪು ಒತ್ತಿರ್ಬೇಕು."

"ಇರಬಹುದು" ಎಂದೆ.

ಈ ಒಂದು ಪದವನ್ನು ನಾನು ಎಷ್ಟೋ ಸಲ ವಾಪಸು ತೆಗೆದುಕೊಳ್ಳಲು ನೋಡಿದ್ದೇನೆ. ನಮ್ಮ ಲ್ಯಾಬಿನಲ್ಲಿ ಅದೇ ಮಾದರಿಯ ಹೊಸ ಬ್ಯಾಟರಿಗಳು ಬೇಕಾದಷ್ಟು ಬಿದ್ದಿದ್ದವು. ಒಂದನ್ನು ಹೊರಗೆ ತರಬೇಕಾದರೆ ಒಂದು ಫಾರ್ಮ್ ತುಂಬಬೇಕು, ಅದರಲ್ಲಿ ಕಾರಣ ಎಂಬ ಒಂದು ಸಾಲು ಇದೆ. ಗ್ರಾಹಕರ ಫೋನು ಕೈಕೊಟ್ಟಿದೆ ಎಂದು ಬರೆದರೆ ಅದು ಮುಖ್ಯಸ್ಥನ ಮೇಜಿಗೆ ಹೋಗುತ್ತದೆ. ಫಾರ್ಮನ್ನು ಎರಡು ಸಲ ಮುಂದೆ ಇಟ್ಟುಕೊಂಡು ಕೂತೆ. ಜನವರಿ ಹತ್ತಿರ ಬರುತ್ತಿತ್ತು. ಅದು ದಾಟಲಿ, ಆಮೇಲೆ ನೋಡೋಣ ಎಂದು ಎತ್ತಿಟ್ಟೆ.

ಜನವರಿಯಲ್ಲಿ ಅವಳಿಗೂ ಪತ್ರ ಬಂತು. ಕಾಯಂ ಹುದ್ದೆಗೆ ಸಂದರ್ಶನ, ಬೆಳಿಗ್ಗೆ ಒಂಬತ್ತೂವರೆಗೆ. ನಡೆಯುವುದು ಅವಳ ಕಾಲೇಜಿನಲ್ಲಲ್ಲ, ನಗರದ ಇನ್ನೊಂದು ಕೊನೆಯ ಕ್ಯಾಂಪಸ್ಸಿನಲ್ಲಿ, ಅವಳು ಹೆಚ್ಚು ಓಡಾಡದ ಜಾಗ. ನಾನೂ ಬರುತ್ತೇನೆ ಎಂದಿದ್ದೆ. ಅದೇ ದಿನ ನಮ್ಮಲ್ಲಿ ಹೊರಗಿನಿಂದ ತಪಾಸಣೆಗೆ ಜನ ಬರುವುದೆಂದು ಗೊತ್ತಾಯಿತು. "ನೀನು ಬಂದು ಏನು ಮಾಡ್ತೀಯ, ಒಳಗೆ ನಾನೇ ತಾನೇ ಮಾತಾಡ್ಬೇಕು" ಎಂದಳು ಅಕ್ಕ. ಅಷ್ಟಕ್ಕೇ ಕಾಯುತ್ತಿದ್ದವನಂತೆ ನಾನು ಒಪ್ಪಿಕೊಂಡೆ.

ಆ ಬೆಳಿಗ್ಗೆ ನಡೆದದ್ದನ್ನು ಅವಳು ಆಮೇಲೆ ನನಗೆ ಹೇಳಿದ್ದಾಳೆ. ಐದೂವರೆಗೆ ಎದ್ದು ಫೋನು ಚಾರ್ಜಿಗೆ ಹಾಕಿದಳು. ಸ್ನಾನ, ಸೀರೆ, ಎರಡು ಇಡ್ಲಿ. ಫೋನು ಎಂಬತ್ತು ಎಂದಿತು, ತೆಗೆದಳು. ಹೊರಡಲು ಇನ್ನೂ ಮುಕ್ಕಾಲು ಗಂಟೆ ಇತ್ತು. ಇವತ್ತೊಂದು ದಿನ ಪೂರ್ತಿ ತುಂಬಿಸಲೇ ಎಂದು ಯೋಚನೆ ಬಂತಂತೆ. ತಮ್ಮ ಬೈಯುತ್ತಾನೆ ಎಂದು ಬಿಟ್ಟಳಂತೆ.

ಕ್ಯಾಬ್ ಸಿಕ್ಕಿತು. ಮಂಜು ದಟ್ಟವಾಗಿತ್ತು, ಡ್ರೈವರ್ ಕಿಟಕಿ ಇಳಿಸಿಕೊಂಡು ಓಡಿಸುತ್ತಿದ್ದ. ಒಂಬತ್ತು ಗಂಟೆಗೆ, "ಆ ಗಯಾ ಮೇಡಂ" ಎಂದು ಒಂದು ಗೇಟಿನ ಮುಂದೆ ಇಳಿಸಿ ಹೊರಟುಹೋದ. ಅವಳು ಕೋಲು ತಟ್ಟಿ ನೋಡಿದಳು. ಕಂಬಿಯ ಗೇಟು, ಬೀಗ. ಹಿಂದಿನ ರಸ್ತೆಯ ಯಾವುದೋ ಮುಚ್ಚಿದ ಗೇಟು ಅದು. ಫೋನು ತೆಗೆದು ತಾನು ಎಲ್ಲಿದ್ದೇನೆ ಎಂದು ಅದನ್ನು ಕೇಳಿದಳು. ಫೋನು ದಾರಿ ಹುಡುಕಲು ಶುರುಮಾಡಿತು, ರಸ್ತೆಯ ಹೆಸರು ಅರ್ಧ ಹೇಳಿತು. ಅಲ್ಲಿಗೇ ನಿಂತಿತು. ಅದಕ್ಕೆ ಸ್ವಲ್ಪ ಮುಂಚೆ ಐವತ್ತನಾಲ್ಕು ಎಂದಿತ್ತು.

ಮತ್ತೆ ಒತ್ತಿದಳು. ಏಳಲಿಲ್ಲ. ಆ ರಸ್ತೆಯಲ್ಲಿ ಆ ಹೊತ್ತಿಗೆ ನಡೆದು ಹೋಗುವವರೇ ಇಲ್ಲ. ಬಂದ ಒಂದೆರಡು ಸ್ಕೂಟರಿನವರಿಗೆ ಮಂಜಿನಲ್ಲಿ ಅವಳು ಕಾಣಿಸಲಿಲ್ಲ, ಕೂಗಿದ್ದು ಹೆಲ್ಮೆಟ್ಟಿನೊಳಗೆ ಹೋಗಲಿಲ್ಲ. ಗೋಡೆ ಹಿಡಿದುಕೊಂಡು ನಡೆದಳು. ಗೋಡೆ ತಿರುಗಿದ ಕಡೆ ತಿರುಗಿದಳು. ಬಹಳ ಹೊತ್ತಿನ ಮೇಲೆ ಹಾಲಿನ ಬೂತಿನವನೊಬ್ಬ ಸಿಕ್ಕಿ, ಅಂಗಡಿ ಬಿಟ್ಟು ಅವಳನ್ನು ಮುಖ್ಯ ಗೇಟಿಗೆ ಮುಟ್ಟಿಸಿದ. ಅಲ್ಲಿಂದ ಕಟ್ಟಡ ಹುಡುಕಿ, ಮೆಟ್ಟಿಲು ಹತ್ತಿ, ಬಾಗಿಲಿಗೆ ಹೋದಾಗ ಹತ್ತೂವರೆ ದಾಟಿತ್ತು. ಅವಳ ಸರದಿ ಮೊದಲ ನಾಲ್ವರಲ್ಲಿತ್ತು. ಕರೆದಾಗ ಇರಲಿಲ್ಲ, ಗೈರುಹಾಜರಿ ಎಂದು ಬರೆದಾಗಿದೆ ಎಂದರು. ಕೊನೆಯಲ್ಲಿ ಕೇಳಿ ನೋಡೋಣ ಎಂದು ಒಬ್ಬರು ದಯೆ ತೋರಿಸಿ ಕೂರಿಸಿದರು. ಒದ್ದೆ ಸೆರಗಿನಲ್ಲಿ ಮಧ್ಯಾಹ್ನ ಮೂರರವರೆಗೆ ಕೂತಳು. ಕೊನೆಯಲ್ಲಿ ಯಾರೂ ಅವಳನ್ನು ಕೇಳಲಿಲ್ಲ, ಸಂದರ್ಶನ ಮಾಡುವವರು ಇನ್ನೊಂದು ಬಾಗಿಲಿನಿಂದ ಹೋಗಿದ್ದರು.

ಕೂತಿದ್ದಾಗ ಫೋನನ್ನು ಸ್ವೆಟರಿನೊಳಗೆ ಇಟ್ಟುಕೊಂಡಿದ್ದಳಂತೆ. ಹನ್ನೊಂದೂವರೆಗೆ ಒತ್ತಿದಾಗ ಅದು ಏನೂ ಆಗದ ಹಾಗೆ ಎದ್ದು, ಕಾರಿಡಾರಿಗೆಲ್ಲ ಕೇಳುವ ಹಾಗೆ, ನಲವತ್ತೊಂಬತ್ತು ಎಂದಿತು.

ತಪಾಸಣೆ ಚೆನ್ನಾಗಿ ಆಯಿತು. ಬಂದವರು ನನ್ನ ಕೈ ಕುಲುಕಿದರು. ಸಮೋಸಾ ತಿನ್ನುತ್ತಿದ್ದಾಗ ಅವಳ ಕರೆ ಬಂತು. "ಆಗ್ಲಿಲ್ಲ ಕಣೋ" ಎಂದಳು. ಅಷ್ಟೇ.

ಕಾಯಂ ಜನ ಬಂದ ಮೇಲೆ ಅಡ್‌ಹಾಕ್ ಜನ ಬೇಡವಾದರು. ಮಾರ್ಚಿನಲ್ಲಿ ಅವಳ ಅವಧಿ ಮುಗಿಯಿತು, ಮುಂದಿನ ಪತ್ರ ಬರಲಿಲ್ಲ. ಎಂಟು ವರ್ಷ ಪಾಠ ಮಾಡಿದ ಕಾಲೇಜಿನವರು ಒಂದು ಶಾಲು ಹೊದಿಸಿ ಕಳಿಸಿದರು. ವಸಂತ್ ಕುಂಜ್‌ನ ಕೋಣೆ ಖಾಲಿ ಮಾಡಿ ಗ್ರೇಟರ್ ನೋಯ್ಡಾದ ನನ್ನ ಫ್ಲಾಟಿಗೆ ಬಂದಳು. ಹದಿನಾಲ್ಕನೆಯ ಮಹಡಿ. ಕೆಳಗೆ ಅಗಲ ರಸ್ತೆ, ನಡೆದು ಹೋಗುವಂಥದ್ದು ಏನೂ ಇಲ್ಲ, ಮೆಟ್ರೋ ದೂರ. ಒಬ್ಬಳೇ ದೆಹಲಿಯನ್ನೆಲ್ಲ ಸುತ್ತಿದವಳು ಲಿಫ್ಟಿನ ಬಳಿಯವರೆಗೆ ಹೋಗಿ ವಾಪಸು ಬರುತ್ತಾಳೆ. ನಾನು ಈಗ ತಂಡದ ಮುಖ್ಯಸ್ಥ. ಫಾರ್ಮುಗಳು ನನ್ನ ಮೇಜಿಗೇ ಬರುತ್ತವೆ.

ಇದನ್ನು ಅವಳು ಓದುತ್ತಾಳೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಎದುರಿಗೆ ಕೂತು ಹೇಳುವ ಗಂಡಸುತನ ಇಲ್ಲದವನು ಬರೆಯುತ್ತಾನೆ, ಬರೆದದ್ದಕ್ಕೆ ಪ್ರಾಮಾಣಿಕತೆ ಎಂದು ಹೆಸರಿಡುತ್ತಾನೆ. ಹೇಳುವ ಅವಕಾಶ ನನಗೆ ಸಿಗಲಿಲ್ಲ ಎಂದೇನೂ ಇಲ್ಲ. ಅವಳೇ ಕೊಟ್ಟಳು.

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ತಿಂದು ಕೂತಿದ್ದೆವು. ಅವಳು ತಟ್ಟೆಯಲ್ಲಿ ಉಳಿದ ಸಾಸಿವೆಯನ್ನು ಬೆರಳಲ್ಲಿ ಒತ್ತಿ ತೆಗೆಯುತ್ತಿದ್ದಳು. ಇದ್ದಕ್ಕಿದ್ದಂತೆ ಕೇಳಿದಳು.

"ಒಂದು ಕೇಳ್ತೀನಿ, ನಿಜ ಹೇಳ್ಬೇಕು. ಆ ಫೋನು ಹಾಗೆ ಆಗುತ್ತೆ ಅಂತ ನಿನಗೆ ಮೊದಲೇ ಗೊತ್ತಿತ್ತಾ?"

ಬಾಲ್ಕನಿಯಲ್ಲಿ ಪಾರಿವಾಳಗಳು ಗದ್ದಲ ಮಾಡುತ್ತಿದ್ದವು. ನಾನು ನೀರು ಕುಡಿದೆ.

"ಇಲ್ಲ ಅಕ್ಕ. ಗೊತ್ತಿರಲಿಲ್ಲ."

ಅವಳು ತಟ್ಟೆ ಕೆಳಗಿಟ್ಟಳು. ಉಸಿರು ಬಿಟ್ಟಳು. ಎಷ್ಟೋ ದಿನದಿಂದ ಬಿಗಿದುಕೊಂಡಿದ್ದ ಅವಳ ಭುಜ ಇಳಿದದ್ದು ನನಗೆ ಕಾಣಿಸಿತು.

"ಅಬ್ಬ. ನಾಲ್ಕು ತಿಂಗಳಿಂದ ಇದೊಂದೇ ತಲೆ ತಿಂತಿತ್ತು ಕಣೋ. ಕೆಲಸ ಹೋಯ್ತು, ಹೋಗ್ಲಿ, ಇನ್ನೊಂದು ಕಡೆ ನೋಡ್ಬಹುದು. ಇವನಿಗೆ ಗೊತ್ತಿದ್ದೂ ಸುಮ್ಮನಿದ್ನೇನೋ ಅನ್ನೋದನ್ನ ಮಾತ್ರ ನನ್ನ ಕೈಲಿ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ."

ಅವಳು ಕೈ ಚಾಚಿ ನನ್ನ ತಲೆ ಹುಡುಕಿ, ಸಣ್ಣವನಿದ್ದಾಗ ಮಾಡುತ್ತಿದ್ದ ಹಾಗೆ ಕೂದಲು ಕೆದರಿದಳು.

"ನೀನೂ ಸುಮ್ನೆ ಕೊರಗ್ತಾ ಇರ್ಬೇಡ. ಜೂನ್‌ನಲ್ಲಿ ಮೈಸೂರಲ್ಲೊಂದು ಸಂದರ್ಶನ ಇದೆಯಂತೆ, ಅರ್ಜಿ ಹಾಕಿದ್ದೀನಿ. ಅಷ್ಟರೊಳಗೆ ಒಂದು ಹೊಸ ಫೋನು ಬೇಕು. ಅಂಗಡಿಯವರು ಬಾಯಿಗೆ ಬಂದದ್ದು ಹೇಳ್ತಾರೆ, ಅವರನ್ನ ನಂಬೋಕಾಗಲ್ಲ. ನೀನೇ ನೋಡಿ ಕೊಡಿಸು."

"ನಾಳೆ ಸಂಜೆ ಹೋಗೋಣ" ಎಂದೆ.